ಕಲಿತ ಭಾಷೆ ನಾಲಿಗೆಗೆ ಒಗ್ಗಬೇಕಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಮಾತಲ್ಲದ ಭಾಷೆಯನ್ನು ತಡವರಿಸದೆ, ಕೇಳುವವರ ಕಿವಿಗೆ ಒರಟಾಗದಂತೆ ಆಡುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಚ್ಚಿನವು ಕನ್ನಡ ಕಲಿತವರದು. ಇಂಗ್ಲಿಷ್, ಹಿಂದಿ ಕಲಿತ ಕನ್ನಡಿಗರದೂ ಇವೆ. ತಮಗೆ ಪದಗಳು ಸಾಲುವುದಿಲ್ಲ ಎಂದೇ ಬಹಳಷ್ಟು ಮಂದಿ ಬರೆದಿದ್ದಾರೆ. ಪತ್ರ ಓದಿದರೆ ನಮಗೆ ಹಾಗನ್ನಿಸಲಿಲ್ಲ. ಪದಗಳು ಬೇಕಾದಷ್ಟಿವೆ. ಎಡವುತ್ತಿರುವುದು ಸ್ವರದ ಉದ್ದದಲ್ಲಿ, ಪದಗಳು ಒಂದಕ್ಕೊಂದು ಕೂಡುವ ಬಗೆಯಲ್ಲಿ, ವಾಕ್ಯ ಮುಗಿಯುವ ರೀತಿಯಲ್ಲಿ.

ನನ್ನ ಮನೆಮಾತು ಮಲಯಾಳ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಪುಸ್ತಕ ಇಟ್ಟುಕೊಂಡು ಕನ್ನಡ ಓದಲು, ಬರೆಯಲು ಕಲಿತೆ. ಆದರೆ ಕೌಂಟರಿನಲ್ಲಿ ಬಾಯಿ ತೆರೆದರೆ ‘ಸಾರ್, ವಾರ್ತೆ ಓದ್ದಂಗೆ ಮಾತಾಡ್ತೀರಿ’ ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ನಿಮ್ಮ ವ್ಯಾಕರಣದಲ್ಲಿ ತಪ್ಪಿಲ್ಲ. ಬರೆಯುವ ಕನ್ನಡವನ್ನೇ ಆಡುತ್ತಿದ್ದೀರಿ, ಅಷ್ಟೇ. ‘ನಾನು ಈಗಲೇ ಬರುತ್ತೇನೆ, ದಯವಿಟ್ಟು ಕುಳಿತುಕೊಳ್ಳಿ’ ಎಂದು ಯಾವ ಕನ್ನಡಿಗನೂ ಮನೆಯಲ್ಲಿ ಹೇಳುವುದಿಲ್ಲ. ‘ಈಗ್ಬಂದೆ, ಕೂತ್ಕೊಳ್ಳಿ’ ಎನ್ನುತ್ತಾನೆ.

ಬರಹದಿಂದ ಮಾತಿಗೆ ಇಳಿಯಲು ಕೆಲವು ಸೂತ್ರಗಳಿವೆ. ಪದದ ಮೊದಲ ಅಕ್ಷರದ ಸ್ವರವನ್ನು ಮುಟ್ಟಬೇಡಿ. ನಡುವೆ ಇರುವ ಹ್ರಸ್ವ ಸ್ವರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ: ಮಾಡಬೇಕು – ಮಾಡ್ಬೇಕು, ಹೇಳಿದರು – ಹೇಳಿದ್ರು, ಆದರೆ – ಆದ್ರೆ, ಹತ್ತಿರ – ಹತ್ರ. ದೀರ್ಘ ಸ್ವರ ಬೀಳುವುದಿಲ್ಲ. ಕ್ರಿಯಾಪದದ ‘ಉತ್ತ’ ಬರಿಯ ‘ತ’ ಆಗುತ್ತದೆ: ಬರುತ್ತಾರೆ – ಬರ್ತಾರೆ, ಹೋಗುತ್ತೀರಾ – ಹೋಗ್ತೀರಾ. ಇಲ್ಲೊಂದು ಗುಂಡಿ ಇದೆ, ಕಲಿಯುವವರು ತಪ್ಪದೆ ಬೀಳುತ್ತಾರೆ. ‘ಬರುತ್ತದೆ’ ಎಂಬುದು ‘ಬರುತ್ತೆ’ ಆಗುತ್ತದೆ, ‘ಬರ್ತದೆ’ಯೂ ಆಗುತ್ತದೆ. ‘ಬರ್ತೆ’ ಮಾತ್ರ ಆಗುವುದಿಲ್ಲ. ವಿಭಕ್ತಿಗಳೂ ಸವೆಯುತ್ತವೆ: ಮನೆಯಲ್ಲಿ – ಮನೇಲಿ, ನನಗೆ – ನಂಗೆ, ಅದನ್ನು – ಅದನ್ನ. ಒಂದು ಪದದ ಕೊನೆಯ ಸ್ವರ ಮುಂದಿನ ಪದದ ಸ್ವರಕ್ಕೆ ಸೇರಿಹೋಗುತ್ತದೆ: ಏನು ಆಯಿತು – ಏನಾಯ್ತು, ಎಲ್ಲಿ ಇದ್ದೀರಿ – ಎಲ್ಲಿದೀರಿ, ಯಾಕೆ ಅಂದರೆ – ಯಾಕಂದ್ರೆ. ಪದಪದದ ನಡುವೆ ನಿಲ್ಲಿಸಿದರೆ ಎಷ್ಟು ಶುದ್ಧವಾಗಿ ಹೇಳಿದರೂ ಓದಿದಂತೆಯೇ ಕೇಳಿಸುತ್ತದೆ.

ಮಲಯಾಳದವರಿಗೇ ವಿಶೇಷವಾದ ತೊಡಕೊಂದಿದೆ. ನಿಮ್ಮ ಭಾಷೆಯಲ್ಲಿ ನಾನು, ನೀನು, ಅವಳು ಎಲ್ಲರಿಗೂ ಕ್ರಿಯಾಪದ ಒಂದೇ. ಯಾರು ಎಂಬುದನ್ನು ಸರ್ವನಾಮವೇ ಹೇಳಬೇಕು. ಕನ್ನಡದಲ್ಲಿ ಆ ಕೆಲಸವನ್ನು ಕ್ರಿಯಾಪದದ ಬಾಲವೇ ಮಾಡುತ್ತದೆ. ‘ಬರ್ತೀನಿ’ ಎಂದ ಮೇಲೆ ‘ನಾನು’ ಬೇಕಿಲ್ಲ, ‘ಬಂದ್ರಾ?’ ಎಂದ ಮೇಲೆ ‘ನೀವು’ ಬೇಕಿಲ್ಲ. ಪ್ರತಿ ವಾಕ್ಯಕ್ಕೂ ‘ನಾನು’ ಇಟ್ಟರೆ, ಬೇರೆಯವರಲ್ಲ ನಾನೇ ಎಂದು ಒತ್ತಿ ಹೇಳಿದಂತಾಗುತ್ತದೆ. ಒಂದು ವಾರ ಸರ್ವನಾಮ ಬಿಟ್ಟು ಮಾತಾಡುವ ಅಭ್ಯಾಸ ಮಾಡಿ. ಆಗ ಬಾಲಗಳನ್ನು ಸರಿಯಾಗಿ ಹಾಕದೆ ಗತ್ಯಂತರವಿರುವುದಿಲ್ಲ.

ಕೌಂಟರಿನಲ್ಲಿ ‘ದಯವಿಟ್ಟು’ ಕೂಡ ಅಪರೂಪದ ಪದ. ನಮ್ಮ ವಿನಯ ‘ಸ್ವಲ್ಪ’, ‘ಒಂದು’ ಎಂಬ ಪುಟ್ಟ ಪದಗಳಲ್ಲಿದೆ: ‘ಇಲ್ಲೊಂದು ಸೈನ್ ಹಾಕಿ’, ‘ಸ್ವಲ್ಪ ಪಾಸ್‌ಬುಕ್ ಕೊಡಿ’, ‘ಒಂದ್ನಿಮಿಷ ಇರಿ’. ಬ್ಯಾಂಕಿನ ಪದಗಳಲ್ಲಿ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂಬುದನ್ನು ಗ್ರಾಹಕರಿಂದಲೇ ಕೇಳಿ ಕಲಿಯಿರಿ. ಸಾಲ, ಬಡ್ಡಿ, ಕಂತು, ಜಾಮೀನು ಕನ್ನಡದಲ್ಲೇ ಓಡಾಡುತ್ತವೆ. ಅಕೌಂಟ್, ಚೆಕ್ಕು, ಎಟಿಎಂ, ಎಫ್‌ಡಿ ಹಾಗೇ ಇವೆ. ‘ಖಾತೆಗೆ ಠೇವಣಿ ಇರಿಸಿದ್ದೀರಾ?’ ಎಂದರೆ ತಪ್ಪಲ್ಲ, ಆದರೆ ಮುಂದೆ ನಿಂತ ರೈತರು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ‘ಅಕೌಂಟಿಗೆ ದುಡ್ಡು ಕಟ್ಟಿದ್ರಾ?’ ಎಂದರೆ ತಕ್ಷಣ ಉತ್ತರ ಬರುತ್ತದೆ.

ನನ್ನ ಹೆಂಡತಿ ಲಖನೌ ಕಡೆಯವಳು. ಕನ್ನಡದಲ್ಲೇ ಮಾತಾಡಬೇಕೆಂಬ ಆಸೆ ಅವಳಿಗೆ. ಆದರೆ ದಿನಸಿ ಅಂಗಡಿಯಲ್ಲಿ ಇವಳು ‘ಬೇಳೆ’ ಎಂದರೆ ಅವರಿಗೆ ‘ಬೆಲೆ’ ಎಂದು ಕೇಳಿಸುತ್ತದೆ. ಹುಳಿ ಹೋಗಿ ಹುಲಿ ಆಗುತ್ತದೆ, ಮನೆಯವರು ನಗುತ್ತಾರೆ. ಮನೆಯಲ್ಲೇ ಹೇಗೆ ತಿದ್ದುವುದು?
– ಓದುಗರು, ಶಿವಮೊಗ್ಗ

ಮೊದಲು ನಗುವುದನ್ನು ನಿಲ್ಲಿಸಬೇಕು. ಇದು ಉಪಚಾರದ ಮಾತಲ್ಲ. ನಕ್ಕರೆ ಕಲಿಯುವವರು ಆ ಪದವನ್ನೇ ಬಿಟ್ಟು ಬೇರೆ ದಾರಿ ಹುಡುಕುತ್ತಾರೆ, ತಪ್ಪು ಇದ್ದಲ್ಲೇ ಉಳಿಯುತ್ತದೆ.

ಹಿಂದಿಯಿಂದ ಬಂದವರಿಗೆ ನಾಲ್ಕು ಕಡೆ ಕಷ್ಟ. ಹಿಂದಿಯಲ್ಲಿ ಏ, ಓ ಇವೆ. ಅವಕ್ಕೆ ಜೋಡಿಯಾಗಿ ಬೇರೆ ಅರ್ಥ ಕೊಡುವ ಹ್ರಸ್ವ ಎ, ಒ ಇಲ್ಲ. ಹಾಗಾಗಿ ಒಲೆ–ಓಲೆ, ಕೊಡು–ಕೋಡು, ಬೆಳೆ–ಬೇಳೆ ಅವರ ಕಿವಿಗೆ ಒಂದೇ ಥರ ಬೀಳುತ್ತವೆ. ಎರಡನೆಯದು ಳ. ಮರಾಠಿಯವರಿಗೆ, ರಾಜಸ್ಥಾನದವರಿಗೆ ಅದು ಗೊತ್ತು, ಲಖನೌ ಹಿಂದಿಯಲ್ಲಿ ಇಲ್ಲ. ಮೂರನೆಯದು ಪದದ ಕೊನೆಯ ಅ. ರಾಮ ಎಂದು ಬರೆದು ರಾಮ್ ಎಂದು ಓದುವ ರೂಢಿ ಅವರದು. ‘ಮರ’ವನ್ನು ‘ಮರ್’ ಎನ್ನುತ್ತಾರೆ, ತಿದ್ದಿದರೆ ‘ಮರಾ’ ಎನ್ನುತ್ತಾರೆ. ನಾಲ್ಕನೆಯದು ಒತ್ತಕ್ಷರ. ಇದರಲ್ಲಿ ಅವರಿಗೆ ಒಂದು ಅನುಕೂಲವಿದೆ. ಹಿಂದಿಯಲ್ಲೂ ಪತಾ ಎಂದರೆ ವಿಳಾಸ, ಪತ್ತಾ ಎಂದರೆ ಎಲೆ. ಆ ವ್ಯತ್ಯಾಸ ಅವರ ನಾಲಿಗೆಯಲ್ಲಿ ಈಗಾಗಲೇ ಇದೆ. ‘ಪತಾ–ಪತ್ತಾ ಹೇಳಿದ ಹಾಗೇ ಕತೆ–ಕತ್ತೆ ಹೇಳು’ ಎಂದರೆ ಸಾಕು.

ಉದ್ದಕ್ಕೆ ನಮ್ಮ ಛಂದಸ್ಸಿನ ಲಘು–ಗುರು ಲೆಕ್ಕಕ್ಕಿಂತ ಒಳ್ಳೆಯ ಸಾಧನ ಸಿಗಲಾರದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬೆಲೆ: ಲಘು, ಲಘು. ಬೇಳೆ: ಗುರು, ಲಘು. ಕತೆ: ಲಘು, ಲಘು. ಕತ್ತೆ: ಗುರು, ಲಘು, ಯಾಕೆಂದರೆ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ. ಬೆರಳಿನಿಂದ ಮೇಜು ತಟ್ಟುತ್ತ ಹೇಳಲಿ, ಲಘುವಿಗೆ ಒಂದು ತಟ್ಟು, ಗುರುವಿಗೆ ಎರಡು. ‘ಕತ್ತೆ’ಯಲ್ಲಿ ಎರಡನೆಯ ತಟ್ಟಿನ ಹೊತ್ತಿಗೆ ನಾಲಿಗೆ ಹಲ್ಲಿಗೆ ಅಂಟಿಕೊಂಡು ಸದ್ದಿಲ್ಲದೆ ನಿಂತಿರಬೇಕು.

ಳಗೆ ಬೇರೆ ಕಸರತ್ತು. ‘ಅಟ’ ಎನ್ನಲು ಹೇಳಿ. ಟ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಿಚಿ ಅಂಗುಳಕ್ಕೆ ತಾಗುತ್ತದಲ್ಲ, ಅಲ್ಲೇ ಹಿಡಿದುಕೊಂಡು ನಾಲಿಗೆಯ ಎರಡೂ ಪಕ್ಕದಿಂದ ದನಿ ಹೊರಬಿಡಲಿ. ಅದೇ ಳ. ತುದಿ ಮುಂದೆ ಜಾರಿ ಹಲ್ಲಿನ ಬುಡಕ್ಕೆ ಬಂದರೆ ಲ ಆಗುತ್ತದೆ. ಪಕ್ಕಗಳನ್ನು ಮುಚ್ಚಿಬಿಟ್ಟರೆ ಡ ಆಗುತ್ತದೆ. ಮೊದಲು ಅಳ, ಇಳಿ, ಉಳಿ ಎಂದು ಸ್ವರಗಳ ನಡುವೆ ಕೂರಿಸಿ. ಆಮೇಲೆ ಹಳ್ಳಿ, ಬೆಳ್ಳುಳ್ಳಿ.

ಬಾಯಿಗಿಂತ ಮೊದಲು ಕಿವಿ ತಯಾರಾಗಬೇಕು. ಹತ್ತು ಜೋಡಿಗಳನ್ನು ಚೀಟಿಯಲ್ಲಿ ಬರೆದು ಹರಡಿ: ಬೆಲೆ–ಬೇಳೆ, ಹುಲಿ–ಹುಳಿ, ಬಲೆ–ಬಳೆ, ಬಳೆ–ಬಾಳೆ, ಎಲೆ–ಎಳೆ, ಕಲೆ–ಕಳೆ, ಒಲೆ–ಓಲೆ, ಮನೆ–ಮಣೆ, ಕತೆ–ಕತ್ತೆ, ಕೊಡು–ಕೋಡು. ನೀವು ಒಂದನ್ನು ಹೇಳಿ, ಅವರು ಚೀಟಿ ಎತ್ತಲಿ. ಹತ್ತರಲ್ಲಿ ಒಂಬತ್ತು ಸರಿಯಾಗುವವರೆಗೆ ಬಾಯಿಯ ಅಭ್ಯಾಸಕ್ಕೆ ಹೋಗಬೇಡಿ. ಆಮೇಲೆ ಅವರು ಹೇಳಲಿ, ನೀವು ಎತ್ತಿ. ದಿನಕ್ಕೆ ಹತ್ತು ನಿಮಿಷ ಸಾಕು. ಉದ್ದ ಮಾಡು ಎಂದರೆ ಅನೇಕರು ಜೋರಾಗಿ ಹೇಳುತ್ತಾರೆ, ಇಲ್ಲವೇ ದನಿ ಏರಿಸುತ್ತಾರೆ. ಬೇಕಾದದ್ದು ಸಮಯ, ಸದ್ದಲ್ಲ. ಮತ್ತೆ, ಊಟದ ಹೊತ್ತಿನಲ್ಲಿ, ನೆಂಟರ ಮುಂದೆ ತಿದ್ದಬೇಡಿ. ಅಭ್ಯಾಸಕ್ಕೆ ಅದರದೇ ಹೊತ್ತಿರಲಿ.

ಬೆಂಗಳೂರಿಗೆ ಬಂದು ಹನ್ನೆರಡು ವರ್ಷ. ಕನ್ನಡದಲ್ಲೇ ಶುರು ಮಾಡುತ್ತೇನೆ, ಎರಡನೇ ವಾಕ್ಯಕ್ಕೆ ಎದುರಿನವರು ಹಿಂದಿಗೋ ಇಂಗ್ಲಿಷಿಗೋ ತಿರುಗುತ್ತಾರೆ. ನನ್ನ ಕನ್ನಡ ಅಷ್ಟು ಕೆಟ್ಟದಾಗಿದೆಯೇ?
– ಎಂಜಿನಿಯರ್ (ಊರು ಇಂದೋರ್), ಬೆಂಗಳೂರು

ಕೆಟ್ಟದಾಗಿಲ್ಲ. ಎದುರಿನವರು ನಿಮಗೆ ಸುಲಭವಾಗಲಿ ಎಂದೇ ತಿರುಗುತ್ತಾರೆ. ‘ಕನ್ನಡದಲ್ಲೇ ಹೇಳಿ, ಅರ್ಥ ಆಗುತ್ತೆ’ ಎಂದು ನಗುತ್ತ ಹೇಳಿ ನೋಡಿ, ಮುಕ್ಕಾಲು ಮಂದಿ ಸಂತೋಷದಿಂದ ಮರಳುತ್ತಾರೆ.

ಆದರೆ ಅವರು ತಿರುಗುವುದಕ್ಕೆ ಕಾರಣ ನೀವು ಕಳಿಸಿದ ವಾಕ್ಯಗಳಲ್ಲೇ ಇದೆ. ಪದ ಕನ್ನಡದ್ದು, ಕಟ್ಟು ಹಿಂದಿಯದು. ‘ಅವರು ಡಾಕ್ಟರ್ ಇದಾರೆ’ ಎಂದು ಬರೆದಿದ್ದೀರಿ. ಹಿಂದಿಯ ‘ಹೈ’ ಎಲ್ಲ ಕಡೆ ಬರುತ್ತದೆ, ಕನ್ನಡದ ‘ಇದೆ’ ಹಾಗಲ್ಲ. ಒಬ್ಬರು ಏನು, ಯಾರು ಎಂದು ಹೇಳುವಾಗ ಅದು ಬೇಡ: ‘ಅವರು ಡಾಕ್ಟರ್’, ‘ನನ್ನ ಹೆಸರು ಇಂಥದ್ದು’. ‘ಈ ಮನೆ ದೊಡ್ಡ ಇದೆ’ ಎನ್ನುವುದಿಲ್ಲ. ‘ಈ ಮನೆ ದೊಡ್ಡದು’ ಎನ್ನಬೇಕು, ಅಥವಾ ‘ದೊಡ್ಡದಾಗಿದೆ’. ‘ಏನು ನೀವು ಬರ್ತೀರಾ?’ ಎಂದು ಮುಂದೆ ‘ಏನು’ ಹಾಕಬೇಡಿ, ಪ್ರಶ್ನೆ ಬಾಲದ ‘ಆ’ದಲ್ಲೇ ಇದೆ: ‘ಬರ್ತೀರಾ?’

‘ಅವರು ಹೇಳಿದ್ರು ಏನಂದ್ರೆ ನಾಳೆ ಬರ್ತಾರೆ’ ಎಂಬುದು ಹಿಂದಿಯ ‘ಕಿ’ ಕಟ್ಟು. ಕನ್ನಡದಲ್ಲಿ ಹೇಳಿದ ಮಾತು ಮೊದಲು, ಆಮೇಲೆ ‘ಅಂತ’, ಕೊನೆಗೆ ಹೇಳಿದವರು: ‘ನಾಳೆ ಬರ್ತೀನಿ ಅಂತ ಹೇಳಿದ್ರು’. ಇನ್ನೂ ಚಿಕ್ಕದಾಗಿ ‘ನಾಳೆ ಬರ್ತಾರಂತೆ’. ಈ ‘ಅಂತೆ’ ನಿಮ್ಮ ಪತ್ರದಲ್ಲಿ ಒಮ್ಮೆಯೂ ಕಾಣಲಿಲ್ಲ. ಕಣ್ಣಾರೆ ಕಂಡದ್ದಲ್ಲ, ಯಾರೋ ಹೇಳಿದ್ದು ಎಂಬುದನ್ನು ಕನ್ನಡಿಗರು ಸದಾ ಗುರುತಿಸಿ ಹೇಳುತ್ತಾರೆ: ‘ಮಳೆ ಬರುತ್ತಂತೆ’, ‘ಅವರಿಗೆ ಹುಷಾರಿಲ್ವಂತೆ’. ಅದನ್ನು ಬಿಟ್ಟು ‘ಅವರಿಗೆ ಹುಷಾರಿಲ್ಲ’ ಎಂದರೆ ನೀವೇ ನೋಡಿಬಂದಂತೆ ಆಗುತ್ತದೆ.

ಹಿಂದಿಯ ‘ನಹೀಂ’ಗೆ ಕನ್ನಡದಲ್ಲಿ ಒಂದೇ ಪದವಿಲ್ಲ. ಇರವು ಇಲ್ಲದಿದ್ದರೆ ಇಲ್ಲ, ಅದು ಇದಲ್ಲ ಎನ್ನಲು ಅಲ್ಲ, ಒಲ್ಲೆ ಎನ್ನಲು ಬೇಡ. ‘ಕಾಫಿ ಬೇಕಾ?’ ಎಂದರೆ ‘ಇಲ್ಲ’ ಎನ್ನಬೇಡಿ, ‘ಬೇಡ’ ಎನ್ನಿ. ಬಂದಿಲ್ಲ ಎಂದರೆ ಇನ್ನೂ ಬಂದಿಲ್ಲ, ಬರಬಹುದು. ಬರಲಿಲ್ಲ ಎಂದರೆ ಆ ಹೊತ್ತು ಮುಗಿಯಿತು. ಬರಲ್ಲ ಎಂದರೆ ಮುಂದಿನ ಮಾತು. ‘ಮತ್ತು’ ಎಂಬುದನ್ನು ಮಾತಿನಿಂದ ಪೂರ್ತಿ ತೆಗೆದುಬಿಡಿ. ‘ಅಂಗಡಿಗೆ ಹೋದೆ ಮತ್ತು ಹಾಲು ತಗೊಂಡೆ ಮತ್ತು ಬಂದೆ’ ಬದಲು ‘ಅಂಗಡಿಗೆ ಹೋಗಿ ಹಾಲು ತಗೊಂಡು ಬಂದೆ’. ಹಿಂದಿಯಲ್ಲೂ ‘ಜಾಕರ್’, ‘ಲೇಕರ್’ ಇರುವುದರಿಂದ ಇದು ನಿಮಗೆ ಬೇಗ ಬರುತ್ತದೆ. ಜನರನ್ನು ಎಣಿಸುವಾಗ ‘ಎರಡು ಜನ’ ಬೇಡ, ‘ಇಬ್ಬರು’. ಮೂರರಿಂದ ಮುಂದೆ ‘ಮೂರು ಜನ’, ‘ನಾಲ್ಕು ಜನ’ ನಡೆಯುತ್ತದೆ.

ಹನ್ನೆರಡು ವರ್ಷವಾದರೂ ಇವು ಯಾಕೆ ಹೋಗಿಲ್ಲ? ಕೆಲಸ ಆಗುವಷ್ಟು ಭಾಷೆ ಬಂದ ಕೂಡಲೇ ಕಲಿಕೆ ನಿಂತು, ಆ ಹಂತದ ತಪ್ಪುಗಳು ಹಾಗೇ ಗಟ್ಟಿಯಾಗುತ್ತವೆ. ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲೇ ಇದನ್ನು ಗುರುತಿಸಿದರು. ಇನ್ನಷ್ಟು ವರ್ಷ ಬೆಂಗಳೂರಿನಲ್ಲಿದ್ದ ಮಾತ್ರಕ್ಕೆ ಅದು ಕರಗುವುದಿಲ್ಲ, ಒಂದೊಂದನ್ನೇ ಗುರಿಯಿಟ್ಟು ಕೀಳಬೇಕು. ಹದಿನೈದು ದಿನಕ್ಕೆ ಒಂದೇ ತಪ್ಪು. ಮೊದಲ ಪಾಳಿ ‘ಇದಾರೆ’ಯದು. ಕಚೇರಿಯ ಒಬ್ಬ ಗೆಳೆಯರಿಗೆ ಹೇಳಿಡಿ, ಆ ತಪ್ಪು ಮಾಡಿದಾಗ ಮಾತ್ರ ಬೆರಳೆತ್ತಲಿ, ಬೇರೆ ಯಾವುದಕ್ಕೂ ಬೇಡ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಮಾತೇ ನಿಂತುಹೋಗುತ್ತದೆ.

ಬೆಂಗಳೂರಿನಲ್ಲಿ ಕನ್ನಡ ಕಲಿತ ತಮಿಳು ಮನೆಮಾತಿನವಳು ನಾನು. ಈಗ ಹುಬ್ಬಳ್ಳಿಗೆ ವರ್ಗವಾಗಿದೆ. ಅಲ್ಲಿನ ಕನ್ನಡವನ್ನು ಹೊಸದಾಗಿ ಕಲಿಯಬೇಕೇ?
– ರೈಲ್ವೆ ಉದ್ಯೋಗಿ

ಮೊದಲ ತಿಂಗಳು ಕೇಳಿಸಿಕೊಳ್ಳುವುದಷ್ಟೇ ಕೆಲಸ. ‘ಇದೆ’ ಬದಲು ‘ಐತಿ’, ‘ಅದ’. ಮನೇಲಿ ಬದಲು ಮನ್ಯಾಗ. ಚೆನ್ನಾಗಿದೆ ಎನ್ನುವಲ್ಲಿ ಛಲೋ, ಬೇಗ ಎನ್ನುವಲ್ಲಿ ಲಗೂ, ತುಂಬಾ ಎನ್ನುವಲ್ಲಿ ಭಾಳ. ‘ಫೋನ್ ಹಚ್ಚು’ ಎಂದರೆ ಫೋನ್ ಮಾಡು. ‘ಹೊಂಟೀನಿ’ ಎಂದರೆ ಹೊರಟಿದ್ದೇನೆ.

ಆಡುವಾಗ ತಕ್ಷಣ ಅಳವಡಿಸಿಕೊಳ್ಳಬೇಕಾದ್ದು ಒಂದೇ, ‘ರಿ’. ಹೌದ್ರಿ, ಇಲ್ರಿ, ಬರ್ರಿ, ಏನ್ರಿ. ಬೆಂಗಳೂರಿನಲ್ಲಿ ಗುರುತಿಲ್ಲದವರಿಗೆ ‘ಏನ್ರೀ’ ಎಂದರೆ ಜಗಳಕ್ಕೆ ಬಂದಂತೆ ಕೇಳಿಸಬಹುದು, ಅಲ್ಲಿ ಸಾರ್, ಮೇಡಂ, ಅಣ್ಣ, ಅಕ್ಕ ನಡೆಯುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಹಿರಿಯರೊಡನೆ ‘ರಿ’ ಬಿಟ್ಟರೆ ಒರಟು. ಉಳಿದ ರೂಪಗಳನ್ನು ಅನುಕರಿಸುವ ಆತುರ ಬೇಡ. ‘ಹೋಗ್ತೀನಿ’ ಎಂದೇ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಅರ್ಧ ಆ ಕಡೆಯದು ಅರ್ಧ ಈ ಕಡೆಯದು ಸೇರಿಸಿ ಒಂದೇ ವಾಕ್ಯ ಮಾಡಿದರೆ ಅಣಕಿಸಿದಂತೆ ಆಗುತ್ತದೆ.

ತಮಿಳಿನ ಕಾರಣದಿಂದ ಒಂದು ಎಚ್ಚರಿಕೆ. ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬಗಳಿಗೆ ಒಂದೊಂದೇ ಅಕ್ಷರ. ಹಾಗಾಗಿ ಕನ್ನಡದ ಪದಗಳನ್ನು ತಮಿಳಿನಲ್ಲಿ ಬರೆದು ಕಲಿಯಬೇಡಿ, ‘ಕಾಳಿ’ ಮತ್ತು ‘ಗಾಳಿ’ ಒಂದೇ ಆಗಿಬಿಡುತ್ತವೆ.

ಮುಂದೆ ಮಂಗಳೂರಿಗೆ ವರ್ಗವಾದರೆ ನಿಮಗೆ ಇನ್ನೂ ಸುಲಭ. ಅಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ, ಕನ್ನಡ ಶಾಲೆಯಿಂದ ಬಂದದ್ದು. ‘ಹೋಗ್ತೇನೆ’, ‘ಬರ್ತದೆ’ ಎಂದು ಬರಹಕ್ಕೆ ಹತ್ತಿರವಾಗಿಯೇ ಆಡುತ್ತಾರೆ. ಎರಡನೇ ಭಾಷೆಯಾಗಿ ಕಲಿತ ಕನ್ನಡವೂ ಒಂದು ಊರಿನ ಸಹಜ ಕನ್ನಡವಾಗಬಲ್ಲದು ಎಂಬುದಕ್ಕೆ ಕರಾವಳಿಯೇ ಸಾಕ್ಷಿ.

ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಬರೆಯುತ್ತೇನೆ, ಆದರೆ ಸಂದರ್ಶನದಲ್ಲಿ ನನ್ನ ಮಾತು ನನಗೇ ಒಡೆದೊಡೆದು ಕೇಳುತ್ತದೆ. ವಿದೇಶಿ ಉಚ್ಚಾರಣೆ ಕಲಿಯಲೇಬೇಕೇ?
– ಪದವಿ ವಿದ್ಯಾರ್ಥಿ, ತುಮಕೂರು

ಬೇಡ. ಕನ್ನಡಿಗನ ಇಂಗ್ಲಿಷ್ ಕನ್ನಡಿಗನದಂತೆ ಕೇಳಿಸಿದರೆ ಅವಮಾನವೇನೂ ಇಲ್ಲ. ಕೇಳುವವರಿಗೆ ಎರಡನೇ ಸಲ ಹೇಳಬೇಕಾಗದಿದ್ದರೆ ಸಾಕು. ಅದಕ್ಕೆ ಮುಖ್ಯವಾದದ್ದು ಒತ್ತು.

ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗುತ್ತವೆ. ಹೋಟೆಲ್, ಇವೆಂಟ್, ಡೆವಲಪ್, ಕಮಿಟಿ ಇವುಗಳಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ. ನಾವು ಮೊದಲನೆಯದನ್ನು ಒತ್ತುತ್ತೇವೆ, ಕೇಳುವವರಿಗೆ ಪದವೇ ಬೇರೆಯಾಗುತ್ತದೆ. ಫೋಟೊಗ್ರಾಫ್ ಎಂಬಲ್ಲಿ ಮೊದಲನೆಯದು, ಫೋಟೊಗ್ರಾಫರ್ ಎಂದರೆ ಎರಡನೆಯದು, ಫೋಟೊಗ್ರಾಫಿಕ್ ಎಂದರೆ ಮೂರನೆಯದು. ಹೊಸ ಪದ ಕಲಿತಾಗ ಅರ್ಥದ ಜೊತೆ ಒತ್ತಿನ ಜಾಗಕ್ಕೂ ಗೆರೆ ಎಳೆಯಿರಿ. ವಾಕ್ಯದಲ್ಲೂ ಹಾಗೇ. ‘ಐ ವಾಂಟ್ ಟು ಗೋ ಟು ದ ಬ್ಯಾಂಕ್’ ಎಂಬಲ್ಲಿ ಎದ್ದು ಕೇಳಬೇಕಾದ್ದು ವಾಂಟ್, ಗೋ, ಬ್ಯಾಂಕ್ ಮೂರೇ. ಟು, ದ ಸುಮ್ಮನೆ ಸರಿದುಹೋಗಬೇಕು. ಏಳಕ್ಕೂ ಸಮ ತೂಕ ಕೊಟ್ಟದ್ದರಿಂದಲೇ ನಿಮ್ಮ ಮಾತು ಒಡೆದೊಡೆದು ಕೇಳುತ್ತಿದೆ.

ಭೂತಕಾಲದ ‘ಎಡ್’ ಇನ್ನೊಂದು ದೊಡ್ಡ ತೊಡಕು. ಕ್ರಿಯಾಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದರೆ ಮಾತ್ರ ಅದು ಬೇರೆ ಅಕ್ಷರವಾಗುತ್ತದೆ: ವಾಂಟಿಡ್, ನೀಡಿಡ್. ಉಳಿದ ಕಡೆ ಬರಿಯ ಟ್ ಅಥವಾ ಡ್: ವರ್ಕ್ಟ್, ಸ್ಟಾಪ್ಟ್, ಕಾಲ್ಡ್. ‘ವರ್ಕೆಡ್’, ‘ಆಸ್ಕೆಡ್’ ಎನ್ನಬೇಡಿ.

ಪದದ ಮೊದಲಿನ ಎ, ಒಗಳಿಗೆ ಯ, ವ ಸೇರುವುದನ್ನೂ (ಯೆಗ್, ವೊನ್ಲಿ), ಕೊನೆಗೆ ಉ ಸೇರುವುದನ್ನೂ (ಬಸ್ಸು, ಬುಕ್ಕು) ಗಮನಿಸಿ. ಕನ್ನಡದಲ್ಲಿ ಬಸ್ಸು ಸರಿಯೇ, ಇಂಗ್ಲಿಷ್ ಆಡುವಾಗ ಬಾಲ ಬಿಡಿ. ಎಫ್ ಸದ್ದಿಗೆ ಎರಡು ತುಟಿ ಕೂಡಿಸಬೇಡಿ, ಕೆಳತುಟಿ ಮೇಲಿನ ಹಲ್ಲಿಗೆ ತಾಗಲಿ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಲ್ಲ, ‘ಐ ಹ್ಯಾವ್ ಟೂ ಬ್ರದರ್ಸ್’. ನಕಾರದ ಪ್ರಶ್ನೆಗೆ ಉತ್ತರಿಸುವಾಗಲೂ ಎಚ್ಚರ. ‘ಊಟ ಆಗಿಲ್ವಾ?’ ಎಂದರೆ ನಾವು ‘ಹೂಂ, ಆಗಿಲ್ಲ’ ಎನ್ನಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ‘ನೋ, ಐ ಹ್ಯಾವಂಟ್’. ಯೆಸ್ ಎಂದರೆ ಊಟ ಆಗಿದೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ.

ಹಿಂದಿಯಲ್ಲಿ ಲಿಂಗ ತಪ್ಪುತ್ತದೆ. ನೆನಪಿಡುವ ದಾರಿ ಇದೆಯೇ?
– ಓದುಗರು, ಚಿಕ್ಕಮಗಳೂರು

ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ, ಲಿಂಗಕ್ಕೆ ತಕ್ಕಂತೆ ಬದಲಾಗುವ ವಿಶೇಷಣದ ಜೊತೆ ಕಲಿಯಿರಿ: ಅಚ್ಛೀ ಚಾಯ್, ಠಂಡಾ ಪಾನೀ, ನಯೀ ಕಿತಾಬ್, ಬಡಾ ಘರ್, ಲಂಬೀ ಸಡಕ್, ಖಟ್ಟಾ ದಹೀ. ‘ಈ’ಯಲ್ಲಿ ಮುಗಿದರೆ ಸ್ತ್ರೀಲಿಂಗ ಎಂಬ ಸೂತ್ರವನ್ನು ನಂಬಿಕೊಳ್ಳಬೇಡಿ. ಪಾನೀ, ದಹೀ, ಘೀ, ಮೋತೀ ಎಲ್ಲವೂ ಪುಲ್ಲಿಂಗ. ಭೂತಕಾಲದಲ್ಲಿ ಕರ್ತೃವಿನ ಜೊತೆ ‘ನೇ’ ಬಂದಾಗ ಕ್ರಿಯಾಪದ ಕರ್ಮದ ಲಿಂಗವನ್ನು ಹಿಡಿಯುತ್ತದೆ: ‘ಮೈಂನೇ ಚಾಯ್ ಪೀ’, ‘ಮೈಂನೇ ಪಾನೀ ಪಿಯಾ’. ಲಾನಾ, ಭೂಲ್ನಾ ಕ್ರಿಯಾಪದಗಳಿಗೆ ‘ನೇ’ ಇಲ್ಲ. ಇವೆರಡನ್ನು ಬಾಯಿಪಾಠ ಮಾಡಿ.

ಮೊಮ್ಮಕ್ಕಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ‘ಕನ್ನಡದಲ್ಲಿ ಹೇಳು’ ಎಂದರೆ ಫೋನ್ ಅಮ್ಮನಿಗೆ ಕೊಟ್ಟು ಓಡುತ್ತಾರೆ.
– ಅಜ್ಜಿ, ಹಾಸನ

ಅಜ್ಜಿ, ‘ಕನ್ನಡದಲ್ಲಿ ಹೇಳು’ ಎಂಬ ಮಾತನ್ನು ಕೆಲವು ತಿಂಗಳು ಬಿಟ್ಟುಬಿಡಿ. ಅದು ಮಕ್ಕಳಿಗೆ ಪರೀಕ್ಷೆಯಂತೆ ಅನ್ನಿಸುತ್ತದೆ. ವಾರಕ್ಕೊಂದು ಉದ್ದದ ಕರೆಗಿಂತ ಹದಿನೈದು ನಿಮಿಷದ ಮೂರು ಕರೆ ಮೇಲು. ಪ್ರತಿ ಕರೆಯಲ್ಲೂ ಕೈಯಲ್ಲೊಂದು ಕೆಲಸವಿರಲಿ: ನೀವು ಅವರೆಕಾಳು ಹಿಸುಕುತ್ತಿರಿ, ಅವರು ಚಿತ್ರ ಬಿಡಿಸುತ್ತಿರಲಿ. ‘ಸ್ಕೂಲ್ ಹೇಗಿತ್ತು?’ ಎಂದರೆ ‘ಗುಡ್’ ಎಂದು ಮುಗಿಯುತ್ತದೆ. ‘ಡಬ್ಬಿಗೆ ಏನು ಹಾಕಿದ್ರು, ದೋಸೆಯಾ ಚಪಾತಿಯಾ?’ ಎಂದು ಎರಡು ಉತ್ತರವನ್ನೂ ಬಾಯಿಗಿಟ್ಟು ಕೇಳಿ. ಅವರು ಒಂದನ್ನು ಎತ್ತಿಕೊಂಡರೆ ಸಾಕು, ಅದೇ ಕನ್ನಡ.

ತಪ್ಪನ್ನು ತಪ್ಪು ಎನ್ನದೆ ಸರಿಯಾದ ರೂಪವನ್ನು ನೀವೇ ಮರಳಿ ಹೇಳಿ. ಮಗು ‘ನಾನು ಹಾಲು ಬೇಕು’ ಎಂದರೆ, ‘ಓ, ನಿಂಗೆ ಹಾಲು ಬೇಕಾ? ನಂಗೂ ಬೇಕು ಕಣೋ’ ಎನ್ನಿ. ನಾನು–ನಂಗೆ ತಪ್ಪು ಅಲ್ಲಿ ಬೆಳೆದ ಮಕ್ಕಳಲ್ಲಿ ಸಾಮಾನ್ಯ, ಇಂಗ್ಲಿಷಿನಲ್ಲಿ ಬೇಕು, ಗೊತ್ತು, ಇಷ್ಟ ಎಲ್ಲಕ್ಕೂ ‘ಐ’ ಒಂದೇ ಇರುವುದರಿಂದ. ಒಗಟು ಹೇಳಿ. ಕತೆ ಹೇಳುತ್ತ ನಡುನಡುವೆ ನಿಲ್ಲಿಸಿ, ‘ಹೂಂ’ ಎನ್ನುವವರೆಗೂ ಮುಂದೆ ಹೋಗಬೇಡಿ. ಆಮೇಲೆ ಕೊನೆಯ ಪದವನ್ನು ಅವರಿಗೇ ಬಿಡಿ. ಊರಿನಲ್ಲಿ ಅವರ ವಯಸ್ಸಿನ ಮಕ್ಕಳಿದ್ದರೆ ಫೋನಿನ ಮುಂದೆ ಕೂರಿಸಿ. ದೊಡ್ಡವರಿಗಾಗಿ ಆಡದ ಮಾತನ್ನು ಓರಗೆಯವರಿಗಾಗಿ ಆಡುತ್ತಾರೆ.

ಎಲ್ಲ ಗೊತ್ತಿದ್ದೂ ವಾಕ್ಯದ ನಡುವೆ ಸಿಕ್ಕಿಕೊಳ್ಳುತ್ತೇನೆ. ಅಭ್ಯಾಸಕ್ಕೆ ಒಂದು ಕ್ರಮ ತಿಳಿಸಿ.
– ಶಿಕ್ಷಕಿ (ಮನೆಮಾತು ತೆಲುಗು), ಬಳ್ಳಾರಿ

ಸಿಕ್ಕಿಕೊಳ್ಳುವುದು ಮನೆಮಾತಿನಲ್ಲೂ ಇದೆ. ಆಗ ನಾವು ಸುಮ್ಮನಾಗುವುದಿಲ್ಲ, ‘ಅಂದ್ರೆ…’, ‘ಅದೇ, ಏನಂದ್ರೆ…’, ‘ಆಮೇಲೆ…’ ಎಂದು ಹೊತ್ತು ಪಡೆಯುತ್ತೇವೆ. ಈ ಪದಗಳನ್ನೂ ಪಾಠವೆಂದೇ ಕಲಿಯಿರಿ. ತಡವರಿಸುವಾಗ ಬಾಯಿಗೆ ತೆಲುಗಿನ ‘ಅಂಟೇ’ ಬಂದರೆ ಮುಂದಿನ ವಾಕ್ಯವೂ ತೆಲುಗಿಗೆ ಹೊರಳುತ್ತದೆ. ಕೇಳಿಸಿಕೊಳ್ಳುವಾಗಲೂ ಹೂಂ, ಹೌದಾ, ಅಯ್ಯೋ, ಸರಿ ಎನ್ನುತ್ತಿರಬೇಕು. ಸುಮ್ಮನೆ ಕೇಳಿದರೆ ಅರ್ಥವಾಗಲಿಲ್ಲವೇನೋ ಎಂದು ಎದುರಿನವರು ನಿಧಾನ ಮಾಡುತ್ತಾರೆ.

ಅಭ್ಯಾಸಕ್ಕೆ ಎರಡು ಬಗೆ. ಒಂದು, ಹಿಂಬಾಲಿಸಿ ಹೇಳುವುದು. ಇಬ್ಬರು ಸಹಜವಾಗಿ ಮಾತಾಡುವ ಧ್ವನಿಮುದ್ರಣದಲ್ಲಿ 30–40 ಸೆಕೆಂಡು ಆರಿಸಿ. ಸಂದರ್ಶನ, ನಾಟಕ ಆಗಬಹುದು, ವಾರ್ತೆ ಬೇಡ. ಮೂರು ಸಲ ಕೇಳಿ. ಕೇಳಿದ್ದನ್ನು ಕೇಳಿದಂತೆಯೇ ಬರೆಯಿರಿ, ‘ಬರುತ್ತಾರೆ’ ಎಂದು ತಿದ್ದದೆ ‘ಬರ್ತಾರೆ’ ಎಂದೇ. ಉಸಿರು ನಿಲ್ಲುವ ಕಡೆ ಗೆರೆ ಹಾಕಿ. ಬಳಿಕ ಅರ್ಧ ಸೆಕೆಂಡು ಹಿಂದಿನಿಂದ ಜೊತೆಜೊತೆಗೆ ಹೇಳಿ, ಫೋನಿನಲ್ಲಿ ಮುದ್ರಿಸಿ ಹೋಲಿಸಿ ನೋಡಿ. ಒಂದೇ ತುಣುಕನ್ನು ನಾಲ್ಕೈದು ದಿನ ಮಾಡಿ. ದಿನಕ್ಕೊಂದು ಹೊಸ ತುಣುಕು ಹಿಡಿದರೆ ಯಾವುದೂ ನಾಲಿಗೆಗೆ ಇಳಿಯುವುದಿಲ್ಲ.

ಇನ್ನೊಂದು, ಭಾಷಾ ತರಗತಿಗಳಲ್ಲಿ ಬಳಕೆಯಲ್ಲಿರುವ 4–3–2. ಒಂದು ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ ಹೇಳಿ, ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ. ವಿಷಯ ಬದಲಾಗಬಾರದು, ಕೇಳುವವರು ಬದಲಾಗಬೇಕು. ಅದೇ ವ್ಯಕ್ತಿಗೆ ಮತ್ತೆ ಹೇಳಿದರೆ ಇಬ್ಬರಿಗೂ ಬೇಸರ. ಮೂರನೆಯ ಸಲ ಯೋಚನೆಯ ಭಾರ ಇರುವುದಿಲ್ಲ, ವಾಕ್ಯಗಳು ತಾವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡು ನಿಮಿಷಕ್ಕೆ ಇಳಿಸುವಾಗ ಓಡಬೇಡಿ, ಬೇಡವಾದದ್ದನ್ನು ಬಿಡಿ. ನೀವು ಶಿಕ್ಷಕಿ, ಕೇಳುವವರಿಗೆ ಬರವಿಲ್ಲ. ಬೆಳಗ್ಗೆ ಒಂದು ವಿಭಾಗಕ್ಕೆ ಹೇಳಿದ ಕತೆಯನ್ನೇ ಮಧ್ಯಾಹ್ನ ಇನ್ನೆರಡು ವಿಭಾಗಗಳಿಗೆ ಹೇಳಿ ನೋಡಿ.